‘ಇನ್ನೂ ಆಗಿಲ್ಲ’ ಎನ್ನಲು ಕಲಿಯಿರಿ: ಸ್ಕ್ರಮ್ ತಂಡ ಸೇರುವ ಹೊಸಬರಿಗೆ

ಎಂಜಿನಿಯರಿಂಗ್ ಮುಗಿಸಿ ದಾವಣಗೆರೆಯಿಂದಲೋ ಹಾಸನದಿಂದಲೋ ಕಲಬುರಗಿಯಿಂದಲೋ ಬಂದು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿ ಸೇರಿದವರಿಗೆ ಕೋಡ್ ಬರೆಯುವ ಕೆಲಸ ಹೇಗೋ ಕೈಗೆ ಹತ್ತುತ್ತದೆ. ತಬ್ಬಿಬ್ಬಾಗುವುದು ಮೀಟಿಂಗುಗಳಲ್ಲಿ. ದಿನಕ್ಕೊಂದು ಸ್ಟ್ಯಾಂಡ್‌ಅಪ್, ಎರಡು ವಾರಕ್ಕೊಂದು ಡೆಮೊ, ಅದರ ಬೆನ್ನಿಗೇ ರೆಟ್ರೋ. ನಡುನಡುವೆ ಸ್ಪ್ರಿಂಟ್, ಬ್ಯಾಕ್‌ಲಾಗ್, ಸ್ಟೋರಿ ಪಾಯಿಂಟ್ ಎಂಬ ಮಾತುಗಳು. ಪರೀಕ್ಷೆಯಲ್ಲಿ ಅಜೈಲ್ ಮಾದರಿಯ ಚಿತ್ರ ಬರೆದು ಅಂಕ ತೆಗೆದವರಿಗೂ ಅಲ್ಲಿ ಏನು ಮಾತಾಡಬೇಕು, ಯಾರಿಗಾಗಿ ಮಾತಾಡಬೇಕು ಎಂಬುದು ಗೊತ್ತಿರುವುದಿಲ್ಲ. ಈ ಬರಹ ಅವರಿಗಾಗಿ. ಮುಖ್ಯ ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ: ಕೆಲಸ ಎಲ್ಲಿ ಸಿಕ್ಕಿಹಾಕಿಕೊಂಡಿದೆ, ಎಲ್ಲಿ ದಾರಿ ತಪ್ಪಿದೆ ಎಂಬುದು ಬೇಗ ಬೆಳಕಿಗೆ ಬರಲಿ ಎಂದೇ ಸ್ಕ್ರಮ್‌ನ ಪ್ರತಿ ಮೀಟಿಂಗೂ ಇರುವುದು. ಅದನ್ನು ಮುಚ್ಚಿಡುವ ಅಭ್ಯಾಸವಿರುವ ತಂಡದಲ್ಲಿ ಇದೇ ಮೀಟಿಂಗುಗಳಿಂದ ಹೊತ್ತು ಹೋಗುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ.

ಸಾಫ್ಟ್‌ವೇರ್ ಕಟ್ಟುವ ಹಳೆಯ ಕ್ರಮ ನಿಮ್ಮ ಸಿಲೆಬಸ್‌ನಲ್ಲೇ ಇದೆ. ಏನು ಬೇಕೆಂದು ಮೊದಲು ಪೂರ್ತಿ ಬರೆದುಕೊಳ್ಳುವುದು, ಆಮೇಲೆ ವಿನ್ಯಾಸ, ಆಮೇಲೆ ಕೋಡ್, ಆಮೇಲೆ ಟೆಸ್ಟಿಂಗ್, ಕೊನೆಗೆ ಗ್ರಾಹಕರ ಕೈಗೆ. ಇದನ್ನು ವಾಟರ್‌ಫಾಲ್ ಎಂದು ಕರೆದು, 1970ರಲ್ಲಿ ವಿನ್‌ಸ್ಟನ್ ರಾಯ್ಸ್ ಬರೆದ ಪ್ರಬಂಧವನ್ನು ಅದರ ಮೂಲವೆಂದು ತೋರಿಸುತ್ತಾರೆ. ಆ ಪ್ರಬಂಧವನ್ನು ನಿಜವಾಗಿ ತೆರೆದು ಓದಿದರೆ ಬೇರೆಯೇ ಸಂಗತಿ ಕಾಣುತ್ತದೆ. ಟೆಸ್ಟಿಂಗ್ ತೀರಾ ಕೊನೆಗೆ ಬರುವುದರಿಂದ ಅಲ್ಲಿ ಸಿಕ್ಕ ತಪ್ಪು ವಿನ್ಯಾಸವನ್ನೇ ಮತ್ತೆ ಬಿಚ್ಚಿಸೀತು, ಹಾಗಾಗಿ ಈ ಸರಳ ಕ್ರಮ ಅಪಾಯದ್ದು ಎಂದು ರಾಯ್ಸ್ ಅಲ್ಲೇ ಎಚ್ಚರಿಸಿದ್ದಾರೆ.

ಆ ಅಪಾಯ ಎಷ್ಟು ದೊಡ್ಡದು ಎಂಬುದಕ್ಕೆ ಅಮೆರಿಕದ ಎಫ್‌ಬಿಐ ಕಥೆಗಿಂತ ಚೆನ್ನಾದ ಉದಾಹರಣೆ ನನಗೆ ಗೊತ್ತಿಲ್ಲ. ತನಿಖೆಯ ಕಡತಗಳನ್ನು ಕಾಗದದಿಂದ ಕಂಪ್ಯೂಟರಿಗೆ ತರಬೇಕೆಂದು ಆ ಸಂಸ್ಥೆ ವರ್ಚುವಲ್ ಕೇಸ್ ಫೈಲ್ ಎಂಬ ವ್ಯವಸ್ಥೆ ಕಟ್ಟಿಸಿತು. ಸುಮಾರು 17 ಕೋಟಿ ಡಾಲರ್ ಸುರಿದ ಮೇಲೆ, 2005ರಲ್ಲಿ, ಬಳಕೆಗೆ ಬರುವಂಥದ್ದಲ್ಲವೆಂದು ಅದನ್ನು ಕೈಬಿಡಬೇಕಾಯಿತು. ಮರುವರ್ಷ ಸೆಂಟಿನೆಲ್ ಎಂಬ ಹೆಸರಿನಲ್ಲಿ ಹೊಸದಾಗಿ ಗುತ್ತಿಗೆ ಕೊಟ್ಟರು; ನಾಲ್ಕು ಹಂತಗಳಲ್ಲಿ ಮುಗಿಸುವ ಯೋಜನೆ. 2010ರ ಹೊತ್ತಿಗೆ 45.1 ಕೋಟಿ ಡಾಲರ್ ಬಜೆಟ್‌ನಲ್ಲಿ 40 ಕೋಟಿಗೂ ಹೆಚ್ಚು ಕರಗಿತ್ತು, ಕೈಗೆ ಬಂದದ್ದು ಎರಡೇ ಹಂತ. ಆಗ ಎಫ್‌ಬಿಐ ಕೆಲಸದ ಉಸ್ತುವಾರಿಯನ್ನು ತಾನೇ ತೆಗೆದುಕೊಂಡು, ತಂಡವನ್ನು ಚಿಕ್ಕದು ಮಾಡಿ, ಎರಡೆರಡು ವಾರದ ನಿಗದಿತ ಸುತ್ತುಗಳಲ್ಲಿ, ಅಂದರೆ ಸ್ಪ್ರಿಂಟ್‌ಗಳಲ್ಲಿ ಕೆಲಸ ಶುರುಮಾಡಿತು. ಪ್ರತಿ ಸ್ಪ್ರಿಂಟ್ ಮುಗಿದಾಗಲೂ ಓಡುವ ಸಾಫ್ಟ್‌ವೇರನ್ನು ಸಂಬಂಧಪಟ್ಟವರ ಮುಂದೆ ತೋರಿಸಿದರು. 2011ರಲ್ಲಿ ಮುಗಿಯಬಹುದೆಂದು ಅಂದುಕೊಂಡದ್ದು 2012ರ ಜುಲೈ ತನಕ ಹೋಯಿತು, ಅದೂ ನಿಜ. ಆದರೆ ಈ ಸಲ ಎಷ್ಟು ಹಿಂದೆ ಬಿದ್ದಿದ್ದೇವೆ ಎಂಬುದು ದಾರಿಯಲ್ಲೇ ಗೊತ್ತಾಗುತ್ತಿತ್ತು, ಮತ್ತು ಕೊನೆಗೆ ಸಂಸ್ಥೆಯ ಉದ್ದಗಲಕ್ಕೂ ಸಾಫ್ಟ್‌ವೇರ್ ಬಳಕೆಗೆ ಬಂತು.

ಈ ಬಗೆಯ ಕೆಲಸದ ಬೇರು ಕಂಪ್ಯೂಟರ್ ಕ್ಷೇತ್ರದ ಹೊರಗಿದೆ. 1986ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಹಿರೋಟಾಕ ತಕೆಯುಚಿ ಮತ್ತು ಇಕುಜಿರೊ ನೊನಾಕಾ ಎಂಬ ಜಪಾನಿನ ಇಬ್ಬರು ವಿದ್ವಾಂಸರು ಹೊಂಡಾ, ಕ್ಯಾನನ್, ಫ್ಯೂಜಿ-ಜೆರಾಕ್ಸ್‌ನಂಥ ಕಂಪನಿಗಳು ಹೊಸ ಉತ್ಪನ್ನಗಳನ್ನು ಹೇಗೆ ಬೇಗ ತರುತ್ತವೆ ಎಂದು ವಿವರಿಸಿದರು. ಒಂದು ವಿಭಾಗ ಮುಗಿಸಿ ಇನ್ನೊಂದಕ್ಕೆ ದಾಟಿಸುವ ಬದಲು ಇಡೀ ತಂಡ ಒಟ್ಟಿಗೇ ಮುನ್ನುಗ್ಗುವ ಆ ರೀತಿಯನ್ನು ಅವರು ರಗ್ಬಿ ಆಟಕ್ಕೆ ಹೋಲಿಸಿದ್ದರು. ಸ್ಕ್ರಮ್ ಎಂಬ ಹೆಸರು ಬಂದದ್ದು ಅಲ್ಲಿಂದ. ಜೆಫ್ ಸದರ್‌ಲ್ಯಾಂಡ್ ಮತ್ತು ಕೆನ್ ಶ್ವೇಬರ್ ಅದನ್ನು ಸಾಫ್ಟ್‌ವೇರಿಗೆ ಒಗ್ಗಿಸಿ 1995ರಲ್ಲಿ ಒಂದು ಸಮ್ಮೇಳನದ ಮುಂದಿಟ್ಟರು. 2001ರ ಫೆಬ್ರವರಿಯಲ್ಲಿ ಇವರಿಬ್ಬರೂ ಸೇರಿದಂತೆ 17 ಮಂದಿ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ ಕೂಡಿ ಅಜೈಲ್ ಪ್ರಣಾಳಿಕೆಯನ್ನು ಬರೆದರು. ಅಜೈಲ್ ಎಂದರೆ ಆ ಪ್ರಣಾಳಿಕೆಯ ನಾಲ್ಕು ಮೌಲ್ಯಗಳೂ ಹನ್ನೆರಡು ತತ್ವಗಳೂ. ಸ್ಕ್ರಮ್ ಎಂದರೆ ಅವುಗಳ ಪ್ರಕಾರ ಕೆಲಸ ಮಾಡಲು ಇರುವ ಹಲವು ಕ್ರಮಗಳಲ್ಲಿ ಒಂದು. ಇಂಟರ್‌ವ್ಯೂನಲ್ಲಿ ಎರಡನ್ನೂ ಒಂದೇ ಎನ್ನುವವರು ಬಹಳ ಜನ.

ಆ ಪ್ರಣಾಳಿಕೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಹಬ್ಬಿದೆ. ಅಜೈಲ್‌ನಲ್ಲಿ ದಾಖಲೆ ಬರೆಯಬೇಕಿಲ್ಲ, ಯೋಜನೆ ಹಾಕಬೇಕಿಲ್ಲ ಎನ್ನುತ್ತಾರೆ. ಪ್ರಣಾಳಿಕೆ ಹೇಳುವುದು ಇಷ್ಟು: ವಿಸ್ತಾರವಾದ ದಾಖಲೆಗಿಂತ ಓಡುವ ಸಾಫ್ಟ್‌ವೇರ್ ಹೆಚ್ಚು, ಹಾಕಿದ ಯೋಜನೆಗೆ ಜೋತುಬೀಳುವುದಕ್ಕಿಂತ ಬದಲಾವಣೆಗೆ ಸ್ಪಂದಿಸುವುದು ಹೆಚ್ಚು. ದಾಖಲೆಗೂ ಯೋಜನೆಗೂ ಬೆಲೆಯಿದೆ ಎಂದು ಅದೇ ಪುಟದಲ್ಲಿ ಬರೆದಿದೆ.

ಒಂದು ಡೇರಿ ಆ್ಯಪ್ ಮಾಡುವಾಗ

ಕಲ್ಪಿತ ತಂಡವೊಂದನ್ನು ಇಟ್ಟುಕೊಂಡು ನೋಡೋಣ. ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘಗಳಿಗೆ ಆ್ಯಪ್ ಬೇಕಾಗಿದೆ. ರೈತರು ಬೆಳಗ್ಗೆ, ಸಂಜೆ ಡೇರಿಗೆ ಹಾಲು ಹಾಕುತ್ತಾರೆ. ಲೀಟರಿನ ಜೊತೆಗೆ ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಿ ಹಣ ನಿಗದಿಯಾಗುತ್ತದೆ. ಅದೆಲ್ಲ ರೈತರ ಮೊಬೈಲಿನಲ್ಲಿ ಕಾಣಬೇಕು, ಬಟವಾಡೆಯ ಲೆಕ್ಕ ಸಿಗಬೇಕು, ಪಶು ಆಹಾರಕ್ಕೆ ಹಿಡಿದುಕೊಂಡ ಹಣ ಎಷ್ಟೆಂದು ತಿಳಿಯಬೇಕು.

ತಂಡದಲ್ಲಿ ಏಳು ಜನರಿದ್ದಾರೆ ಎನ್ನೋಣ. ಸ್ಕ್ರಮ್ ಪ್ರಕಾರ ಹತ್ತು ಅಥವಾ ಅದಕ್ಕಿಂತ ಕಡಿಮೆ ಜನರಿದ್ದರೆ ಒಳ್ಳೆಯದು. ಒಬ್ಬರು ಪ್ರಾಡಕ್ಟ್ ಓನರ್: ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ ಎಂದು ನಿರ್ಧರಿಸುವವರು. ಈ ಜವಾಬ್ದಾರಿ ಒಬ್ಬರದೇ ಆಗಿರಬೇಕು, ಸಮಿತಿಗೆ ಕೊಡುವಂತಿಲ್ಲ. ಒಬ್ಬರು ಸ್ಕ್ರಮ್ ಮಾಸ್ಟರ್: ತಂಡದ ದಾರಿಗೆ ಅಡ್ಡ ಬಂದದ್ದನ್ನು ತೆಗೆಯಿಸುವವರು, ಈ ಕ್ರಮವನ್ನು ಎಲ್ಲರಿಗೂ ಕಲಿಸುವವರು. ಹೆಸರಿನಲ್ಲಿ ಮಾಸ್ಟರ್ ಇದ್ದರೂ ಅವರು ನಿಮ್ಮ ಮ್ಯಾನೇಜರ್ ಅಲ್ಲ, ನಿಮಗೆ ಕೆಲಸ ಹಂಚುವವರೂ ಅಲ್ಲ. ಉಳಿದ ಐವರು ಡೆವಲಪರ್‌ಗಳು. ಟೆಸ್ಟಿಂಗ್ ಮಾಡುವವರು, ಸ್ಕ್ರೀನ್ ವಿನ್ಯಾಸ ಮಾಡುವವರು ಕೂಡ ಈ ಹೆಸರಿನೊಳಗೇ ಬರುತ್ತಾರೆ. ಯಾರು ಏನು ಮಾಡಬೇಕೆಂದು ಅವರವರೇ ಕೂತು ಹಂಚಿಕೊಳ್ಳುತ್ತಾರೆ.

ಪ್ರಾಡಕ್ಟ್ ಓನರ್ ಬಳಿ ಒಂದು ಪಟ್ಟಿ ಇರುತ್ತದೆ. ಆ್ಯಪಿನಲ್ಲಿ ಏನೇನು ಬೇಕೋ ಅದೆಲ್ಲ ಮುಖ್ಯವಾದದ್ದು ಮೇಲೆ, ಅಲ್ಲದ್ದು ಕೆಳಗೆ ಎಂಬ ಅನುಕ್ರಮದಲ್ಲಿ. ಇದೇ ಪ್ರಾಡಕ್ಟ್ ಬ್ಯಾಕ್‌ಲಾಗ್. ಮೇಲಿರುವ ಅಂಶಗಳು ಬಿಡಿಬಿಡಿಯಾಗಿ, ವಿವರವಾಗಿ ಇರುತ್ತವೆ; ಕೆಳಗಿನವು ಒಂದೊಂದು ಸಾಲಿನ ಟಿಪ್ಪಣಿಯಾಗಿದ್ದರೂ ಸಾಕು. ಬಹಳಷ್ಟು ತಂಡಗಳು ಇವನ್ನು ಯೂಸರ್ ಸ್ಟೋರಿಗಳಾಗಿ ಬರೆಯುತ್ತವೆ: ಯಾರಿಗೆ, ಏನು, ಯಾಕೆ. ‘ಹಾಲು ಹಾಕುವ ನನಗೆ ಇವತ್ತಿನ ಫ್ಯಾಟ್ ಎಷ್ಟು ಬಂತೆಂದು ಅಲ್ಲೇ ಕಾಣಬೇಕು, ದುಡ್ಡು ಯಾಕೆ ಕಡಿಮೆಯಾಯಿತೆಂದು ಕೇಳಲು ಅದು ಬೇಕು’. ಮೂರನೆಯ ಭಾಗವಾದ ‘ಯಾಕೆ’ ಬಿಟ್ಟುಹೋದ ಸ್ಟೋರಿಯನ್ನು ಕಂಡರೆ ಹೊಸಬರಾದರೂ ಸಂಕೋಚವಿಲ್ಲದೆ ಕೇಳಿ. ಉತ್ತರ ಸಿಗದಿದ್ದರೆ ಆ ಕೆಲಸವೇ ಬೇಡವಾಗಿರಬಹುದು.

ಸ್ಪ್ರಿಂಟ್ ಒಂದು ತಿಂಗಳನ್ನು ಮೀರುವಂತಿಲ್ಲ. ಎರಡು ವಾರ ಇಟ್ಟುಕೊಳ್ಳುವವರೇ ಹೆಚ್ಚು. ಅದರ ಮೊದಲ ದಿನ ಸ್ಪ್ರಿಂಟ್ ಪ್ಲಾನಿಂಗ್. ಇಲ್ಲಿ ಹೊಸ ತಂಡಗಳು ಸಾಮಾನ್ಯವಾಗಿ ಒಂದೇ ಕಡೆ ಎಡವುತ್ತವೆ: ಮೊದಲ ಸ್ಪ್ರಿಂಟ್‌ನಲ್ಲಿ ಡೇಟಾಬೇಸ್, ಎರಡನೆಯದರಲ್ಲಿ ಸರ್ವರ್ ಭಾಗ, ಮೂರನೆಯದರಲ್ಲಿ ಸ್ಕ್ರೀನ್ ಎಂದು ಪದರ ಪದರವಾಗಿ ಹಂಚಿಬಿಡುತ್ತವೆ. ಹಾಗೆ ಮಾಡಿದರೆ ಆರು ವಾರ ಕಳೆಯುವ ತನಕ ಯಾರಿಗೂ ತೋರಿಸಲು ಏನೂ ಇರುವುದಿಲ್ಲ. ಹೆಸರು ಸ್ಪ್ರಿಂಟ್, ಒಳಗೆ ಹಳೆಯ ವಾಟರ್‌ಫಾಲೇ. ಬದಲಿಗೆ ತೀರಾ ಕಿರಿದಾದರೂ ಈ ತುದಿಯಿಂದ ಆ ತುದಿಗೆ ಮುಟ್ಟುವ ಒಂದು ಕೆಲಸ ಆರಿಸಿ. ನಮ್ಮ ತಂಡದ ಮೊದಲ ಸ್ಪ್ರಿಂಟ್ ಗುರಿ ಹೀಗಿರಲಿ: ಬೆಳಗ್ಗೆ ಹಾಕಿದ ಹಾಲಿನ ಲೀಟರ್ ಮತ್ತು ಫ್ಯಾಟ್ ಆ ಹೊತ್ತಿಗೇ ರೈತರ ಮೊಬೈಲಿಗೆ ಹೋಗಬೇಕು. ಬಟವಾಡೆ ಬೇಡ, ಪಶು ಆಹಾರ ಬೇಡ, ಲಾಗಿನ್‌ನ ಅಂದಚಂದವೂ ಬೇಡ. ಗುರಿ ಮುಟ್ಟಲು ಬ್ಯಾಕ್‌ಲಾಗ್‌ನಿಂದ ಆರಿಸಿದ ಅಂಶಗಳೂ ಅವನ್ನು ಮಾಡುವ ಯೋಜನೆಯೂ ಸೇರಿ ಸ್ಪ್ರಿಂಟ್ ಬ್ಯಾಕ್‌ಲಾಗ್ ಆಗುತ್ತದೆ.

ಎರಡು ವಾರ ಕಳೆದು ಸ್ಪ್ರಿಂಟ್ ರಿವ್ಯೂ. ಹಳ್ಳಿಯ ಡೇರಿ ಕಾರ್ಯದರ್ಶಿಯನ್ನೇ ಕರೆಸಿದ್ದಾರೆ. ಅವರು ಆ್ಯಪ್ ಹಿಡಿದು ನೋಡಿ ಹೇಳುತ್ತಾರೆ: “ಚೆನ್ನಾಗಿದೆ ಮೇಡಂ. ಆದ್ರೆ ಬೆಳಗ್ಗೆ ಆರು ಗಂಟೆಗೆ ನಮ್ಮೂರಲ್ಲಿ ನೆಟ್‌ವರ್ಕ್ ಇರಲ್ಲ. ಕ್ಯಾನ್ ಹಿಡ್ಕೊಂಡು ಅಷ್ಟು ಜನ ಸಾಲಲ್ಲಿ ನಿಂತಿರ್ತಾರೆ, ಇದು ಸುತ್ತೋ ತನಕ ಯಾರು ಕಾಯ್ತಾರೆ?” ಅಲ್ಲಿಗೆ ಇಡೀ ಆ್ಯಪಿನ ಅತಿ ಮುಖ್ಯ ಅಗತ್ಯ ಗೊತ್ತಾಯಿತು: ನೆಟ್‌ವರ್ಕ್ ಇಲ್ಲದಾಗಲೂ ಲೆಕ್ಕ ಬರೆದುಕೊಂಡು, ಬಂದಾಗ ಕಳಿಸಬೇಕು. ಎಂಟು ತಿಂಗಳ ಕೆಲಸ ಮುಗಿಸಿ ಊರಿಗೆ ಹೋದಾಗ ಇದೇ ಮಾತು ಕೇಳಿಬಂದಿದ್ದರೆ ಬುಡದಿಂದ ಬದಲಿಸಬೇಕಾಗುತ್ತಿತ್ತು. ಈಗ ಹೋದದ್ದು ಎರಡು ವಾರ. ರಿವ್ಯೂ ಎಂದರೆ ಚಪ್ಪಾಳೆಗಾಗಿ ಮಾಡುವ ಪ್ರದರ್ಶನ ಎಂದುಕೊಂಡು, ಸ್ಲೈಡ್ ಸಿಂಗರಿಸಿ, ಬಳಸುವವರನ್ನು ಕರೆಯದೆ ಮುಗಿಸುವ ತಂಡಗಳು ಈ ಲಾಭವನ್ನು ತಾವೇ ಬಿಟ್ಟುಕೊಡುತ್ತವೆ.

ದಿನದ ಹದಿನೈದು ನಿಮಿಷ

ಹೊಸಬರಿಗೆ ಎಲ್ಲಕ್ಕಿಂತ ಕಷ್ಟವಾಗುವುದು ಡೈಲಿ ಸ್ಕ್ರಮ್, ಅಂದರೆ ಸ್ಟ್ಯಾಂಡ್‌ಅಪ್. ಹದಿನೈದು ನಿಮಿಷ ಮೀರಬಾರದು. ದಿನವೂ ಅದೇ ಹೊತ್ತು, ಅದೇ ಜಾಗ. ಅಮೆರಿಕದ ಗ್ರಾಹಕರ ಜೊತೆ ಕೆಲಸ ಮಾಡುವ ಬೆಂಗಳೂರಿನ ಎಷ್ಟೋ ತಂಡಗಳಲ್ಲಿ ಇದು ಸಂಜೆಗೆ ಜಾರಿರುತ್ತದೆ. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಅಡ್ಡಿ ಏನಿದೆ ಎಂಬ ಮೂರು ಪ್ರಶ್ನೆಗಳಿಗೆ ಸರದಿಯಲ್ಲಿ ಉತ್ತರಿಸುವುದು ರೂಢಿ. ಸ್ಕ್ರಮ್‌ನ ನಿಯಮಗಳ ಕೈಪಿಡಿಯಾದ 2020ರ ಸ್ಕ್ರಮ್ ಗೈಡ್‌ನಲ್ಲಿ ಆ ಪ್ರಶ್ನೆಗಳನ್ನು ಕೈಬಿಟ್ಟಿದ್ದಾರೆ. ಕಾರಣ ಊಹಿಸುವುದು ಕಷ್ಟವಲ್ಲ. ಮೂರು ಪ್ರಶ್ನೆಗಳ ಉತ್ತರ ಎಷ್ಟೋ ಕಡೆ ಮೇಲಿನವರಿಗೆ ಹಾಜರಿ ಕೊಡುವಂತಾಗಿತ್ತು. ಡೈಲಿ ಸ್ಕ್ರಮ್ ಡೆವಲಪರ್‌ಗಳು ತಮ್ಮತಮ್ಮೊಳಗೆ ಸ್ಪ್ರಿಂಟ್ ಗುರಿಯತ್ತ ಎಷ್ಟು ಬಂದೆವು, ಇವತ್ತಿನ ಯೋಜನೆ ಬದಲಿಸಬೇಕೇ ಎಂದು ನೋಡಿಕೊಳ್ಳುವ ಹೊತ್ತು. ಮ್ಯಾನೇಜರ್ ಮುಖ ನೋಡಿ ಮಾತಾಡುವ ಅಗತ್ಯವೇ ಇಲ್ಲ.

ಆದರೂ ನಮ್ಮಲ್ಲಿ ಏನಾಗುತ್ತದೆ? ‘ಪಾವತಿ ಭಾಗದ ಕೆಲಸ ನಡೀತಾ ಇದೆ ಸರ್, ಇವತ್ತೂ ಅದೇ, ಬ್ಲಾಕರ್ ಏನಿಲ್ಲ’ ಎಂದು ನಾಲ್ಕು ದಿನ ಒಂದೇ ವಾಕ್ಯ. ಐದನೆಯ ದಿನ ಗೊತ್ತಾಗುತ್ತದೆ, ಮೊದಲ ದಿನದಿಂದಲೂ ಸರ್ವರ್ ಪಾಸ್‌ವರ್ಡ್ ಸಿಗದೆ ಕೂತಿದ್ದರು ಎಂದು. ಇದು ಸೋಮಾರಿತನದಿಂದ ಬರುವುದಲ್ಲ. ತರಗತಿಯಲ್ಲಿ ‘ಅರ್ಥವಾಗಲಿಲ್ಲ’ ಎಂದು ಎದ್ದು ನಿಂತವರನ್ನು ನೋಡಿ ನಗುವ ವಾತಾವರಣದಲ್ಲಿ ಬೆಳೆದು, ಹಿರಿಯರ ಮುಂದೆ ತೊಂದರೆ ಹೇಳುವುದೇ ಉದ್ಧಟತನ ಎಂದು ಕಲಿತವರು ಕಚೇರಿಗೂ ಅದನ್ನೇ ತರುತ್ತಾರೆ. ಅದಕ್ಕೆ ಇಂಗ್ಲಿಷಿನ ಹೆದರಿಕೆ ಬೇರೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಜಾಣ ಹುಡುಗ ಹುಡುಗಿಯರು ತಮ್ಮ ಸರದಿ ಬೇಗ ಮುಗಿದರೆ ಸಾಕೆಂದು ‘ನೋ ಬ್ಲಾಕರ್ಸ್’ ಎಂದು ಕೂತುಬಿಡುತ್ತಾರೆ.

ದಾರಿ ಇದೆ. ಮೀಟಿಂಗಿಗೆ ಐದು ನಿಮಿಷ ಮುಂಚೆ ಮೂರೇ ವಾಕ್ಯ ಬರೆದಿಟ್ಟುಕೊಳ್ಳಿ. ‘ನಡೀತಾ ಇದೆ’ ಎಂಬ ಮಾತನ್ನು ಬಿಟ್ಟು, ಕೆಲಸ ಎಲ್ಲಿ ನಿಂತಿದೆ, ಬಿಡಿಸಲು ಯಾರಿಂದ ಏನು ಬೇಕು, ಯಾವಾಗ ಬೇಕು ಎಂದು ಬರೆಯಿರಿ. ‘ಫ್ಯಾಟ್ ಯಂತ್ರದಿಂದ ಅಂಕಿ ಓದುವ ಭಾಗ ಮುಗಿದಿದೆ, ಟೆಸ್ಟ್ ಆಗಿಲ್ಲ. ಯಂತ್ರದ ಇನ್ನೊಂದು ಮಾದರಿ ನನ್ನ ಹತ್ತಿರ ಇಲ್ಲ. ಇವತ್ತು ಮಧ್ಯಾಹ್ನದೊಳಗೆ ಅದು ಸಿಕ್ಕರೆ ನಾಳೆ ಮುಗಿಸುತ್ತೇನೆ, ಇಲ್ಲವಾದರೆ ಸ್ಪ್ರಿಂಟ್ ಗುರಿಗೆ ತೊಂದರೆ’. ಇದನ್ನು ನೋಡಿಕೊಂಡು ಓದಿದರೂ ತಪ್ಪಿಲ್ಲ, ತಂಡದ ಚಾಟ್‌ನಲ್ಲಿ ಮೊದಲೇ ಹಾಕಿದರೂ ತಪ್ಪಿಲ್ಲ. ಪರಿಹಾರದ ಚರ್ಚೆ ಮಾತ್ರ ಅಲ್ಲಿ ಬೇಡ. ಸಂಬಂಧಪಟ್ಟ ಇಬ್ಬರೋ ಮೂವರೋ ಮೀಟಿಂಗ್ ಮುಗಿದ ಮೇಲೆ ಕೂತು ಮಾತಾಡಿಕೊಳ್ಳಲಿ.

ಹಿರಿಯರಿಗೂ ಇದರಲ್ಲಿ ಪಾಲಿದೆ. ‘ಆಗಿಲ್ಲ’ ಎಂದ ಕಿರಿಯರನ್ನು ‘ಯಾಕೆ ಆಗಿಲ್ಲ?’ ಎಂದು ಎಲ್ಲರ ಮುಂದೆ ತರಾಟೆಗೆ ತೆಗೆದುಕೊಂಡರೆ ಮರುದಿನದಿಂದ ಆ ತಂಡದಲ್ಲಿ ಎಲ್ಲವೂ ‘ನಡೀತಾ ಇದೆ’. ಹಿರಿಯರೇ ಮೊದಲು ತಮ್ಮದು ಎಲ್ಲಿ ನಿಂತಿದೆ ಎಂದು ಹೇಳಿ ಶುರುಮಾಡಿದರೆ ಉಳಿದವರ ಬಾಯಿ ತಾನಾಗಿ ತೆರೆಯುತ್ತದೆ. ಧೈರ್ಯ ಮತ್ತು ಮುಕ್ತತೆ ಸ್ಕ್ರಮ್ ಗೈಡ್‌ನ ಐದು ಮೌಲ್ಯಗಳಲ್ಲಿ ಎರಡು. ಬದ್ಧತೆ, ಏಕಾಗ್ರತೆ, ಗೌರವ ಉಳಿದ ಮೂರು. ಗೋಡೆಗೆ ಅಂಟಿಸಲು ಬರೆದ ಮಾತುಗಳಂತೆ ಕಂಡರೂ, ಮೊದಲ ಎರಡಿಲ್ಲದೆ ಸ್ಟ್ಯಾಂಡ್‌ಅಪ್ ಒಂದು ದಿನವೂ ಸರಿಯಾಗಿ ನಡೆಯುವುದಿಲ್ಲ.

‘ಆಯಿತು’ ಎಂದರೆ ಏನಾಯಿತು?

ನನ್ನ ಕೋಡ್ ಬರೆದು ಆಯಿತು, ನನ್ನ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ, ಹಾಗಾಗಿ ಕೆಲಸ ಮುಗಿಯಿತು ಎನ್ನುವುದು ಎಲ್ಲ ಹೊಸಬರ ಲೆಕ್ಕ. ತಂಡದ ಲೆಕ್ಕ ಬೇರೆ ಇರುತ್ತದೆ, ಇರಲೇಬೇಕು. ಅದನ್ನು ಬರೆದಿಟ್ಟುಕೊಂಡದ್ದೇ ಡೆಫಿನಿಷನ್ ಆಫ್ ಡನ್. ನಮ್ಮ ಡೇರಿ ತಂಡದ್ದು ಹೀಗಿರಬಹುದು: ಇನ್ನೊಬ್ಬರು ಕೋಡ್ ನೋಡಿ ಒಪ್ಪಿದ್ದಾರೆ, ಟೆಸ್ಟ್‌ಗಳು ಪಾಸಾಗಿವೆ, ಕಡಿಮೆ ಬೆಲೆಯ ಆಂಡ್ರಾಯ್ಡ್ ಫೋನಿನಲ್ಲಿ ಓಡಿಸಿ ನೋಡಿದೆ, ಕನ್ನಡ ಅಕ್ಷರಗಳು ಒತ್ತಕ್ಷರ ಸಮೇತ ಸರಿಯಾಗಿ ಮೂಡುತ್ತವೆ, ಇಂಟರ್ನೆಟ್ ಆಫ್ ಮಾಡಿಯೂ ನೋಡಿದೆ. ಇದರಲ್ಲಿ ಒಂದು ಬಾಕಿಯಿದ್ದರೂ ಆ ಸ್ಟೋರಿ ರಿವ್ಯೂಗೆ ಹೋಗುವುದಿಲ್ಲ. ಮತ್ತೆ ಪ್ರಾಡಕ್ಟ್ ಬ್ಯಾಕ್‌ಲಾಗ್ ಸೇರುತ್ತದೆ. ಶೇಕಡಾ ತೊಂಬತ್ತು ಮುಗಿದಿದೆ ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ. ತಂಡಕ್ಕೆ ಸೇರಿದ ಮೊದಲ ದಿನ ಯಾವ ಪ್ರಶ್ನೆ ಕೇಳಬೇಕು ಎಂದು ನನ್ನನ್ನು ಕೇಳುವವರಿಗೆಲ್ಲ ನಾನು ಹೇಳುವುದು ಇದನ್ನೇ: ನಿಮ್ಮ ಡೆಫಿನಿಷನ್ ಆಫ್ ಡನ್ ಎಲ್ಲಿದೆ ಎಂದು ಕೇಳಿ. ಉತ್ತರ ತಡವರಿಸಿದರೆ ಆ ತಂಡದಲ್ಲಿ ಪ್ರತಿಯೊಬ್ಬರ ‘ಆಯಿತು’ ಬೇರೆಬೇರೆ ಎಂದು ತಿಳಿಯಿರಿ.

ಸ್ಟೋರಿ ಪಾಯಿಂಟ್‌ಗಳ ಬಗ್ಗೆ ಒಂದು ಮಾತು. 1, 2, 3, 5, 8, 13 ಎಂದು ಬರೆದ ಕಾರ್ಡ್‌ಗಳನ್ನು ಎಲ್ಲರೂ ಒಟ್ಟಿಗೇ ಎತ್ತಿ ತೋರಿಸಿ ಕೆಲಸದ ಗಾತ್ರವನ್ನು ಪಾಯಿಂಟ್‌ಗಳಲ್ಲಿ ಅಂದಾಜಿಸುವ ಪ್ಲಾನಿಂಗ್ ಪೋಕರ್ ವಿಧಾನವನ್ನು 2002ರಲ್ಲಿ ಜೇಮ್ಸ್ ಗ್ರೆನಿಂಗ್ ರೂಪಿಸಿದರು, ಮೈಕ್ ಕೋನ್ ಜನಪ್ರಿಯಗೊಳಿಸಿದರು. ಒಟ್ಟಿಗೇ ಎತ್ತುವುದರಲ್ಲೇ ಅದರ ಜೀವವಿದೆ. ಹಿರಿಯರು ಮೂರು ಎಂದ ಮೇಲೆ ಕಿರಿಯರು ಎಂಟು ಎನ್ನಲಾರರು. ನಿಮ್ಮೊಬ್ಬರದೇ ಅಂಕಿ ಬೇರೆ ಬಂದರೆ ನಾಚಬೇಡಿ, ಯಾಕೆಂದು ಹೇಳಿ. ಉಳಿದವರು ಮರೆತ ತೊಡಕೊಂದು ನಿಮಗೆ ಕಂಡಿರಬಹುದು. ಸ್ಟೋರಿ ಪಾಯಿಂಟ್, ಯೂಸರ್ ಸ್ಟೋರಿ ಎರಡೂ ಸ್ಕ್ರಮ್ ಗೈಡ್‌ನಲ್ಲಿಲ್ಲ, ಅಕ್ಕಪಕ್ಕದ ಪದ್ಧತಿಗಳಿಂದ ಬಂದು ಸೇರಿಕೊಂಡವು. ಪಾಯಿಂಟ್‌ಗಳ ಮೊತ್ತ ನೋಡಿ ಒಂದು ತಂಡವನ್ನು ಇನ್ನೊಂದರ ಜೊತೆ ಹೋಲಿಸುವ ಕಚೇರಿಗಳಲ್ಲಿ ಅಂಕಿಗಳು ಉಬ್ಬುತ್ತವೆ, ಕೆಲಸ ಇದ್ದಲ್ಲೇ ಇರುತ್ತದೆ.

ಸ್ಪ್ರಿಂಟ್‌ನ ಕೊನೆಯ ಮೀಟಿಂಗ್ ರೆಟ್ರೋಸ್ಪೆಕ್ಟಿವ್. ರಿವ್ಯೂನಲ್ಲಿ ನೋಡುವುದು ಉತ್ಪನ್ನವನ್ನು, ಇಲ್ಲಿ ನೋಡುವುದು ನಾವು ಕೆಲಸ ಮಾಡಿದ ರೀತಿಯನ್ನು. ಗೋಡೆ ತುಂಬ ಚೀಟಿ ಅಂಟಿಸಿ, ಹತ್ತು ದೂರು ಬರೆದು, ಯಾವುದನ್ನೂ ಮುಟ್ಟದೆ ಎದ್ದುಹೋಗುವುದು ಇದರ ರೋಗ. ಒಂದೇ ಒಂದನ್ನು ಆರಿಸಿ, ಯಾರು ನೋಡಿಕೊಳ್ಳುತ್ತಾರೆ ಎಂದು ಹೆಸರು ಬರೆದು, ಮುಂದಿನ ಸ್ಪ್ರಿಂಟ್‌ನ ಕೆಲಸದ ಪಟ್ಟಿಗೇ ಸೇರಿಸಿದರೆ ಮಾತ್ರ ಉಪಯೋಗ.

ಎಲ್ಲ ಕೆಲಸಕ್ಕೂ ಸ್ಕ್ರಮ್ ಹೊಂದುವುದಿಲ್ಲ ಎಂಬುದೂ ತಿಳಿದಿರಲಿ. ಗ್ರಾಹಕರ ದೂರುಗಳು ಗಂಟೆಗೊಂದರಂತೆ ಬರುವ ಸಪೋರ್ಟ್ ತಂಡಕ್ಕೆ ಎರಡು ವಾರದ ಗುರಿ ಇಟ್ಟುಕೊಳ್ಳುವುದು ಕಷ್ಟ. ಅಂಥಲ್ಲಿ ಟೊಯೋಟಾ ಕಾರ್ಖಾನೆಯ ಪದ್ಧತಿಯಿಂದ ಬಂದ ಕಾನ್‌ಬಾನ್ ಚೆನ್ನಾಗಿ ಒಗ್ಗುತ್ತದೆ: ಕೆಲಸಗಳನ್ನೆಲ್ಲ ಬೋರ್ಡ್ ಮೇಲೆ ಹಾಕಿ, ಒಂದು ಹೊತ್ತಿಗೆ ಇಷ್ಟಕ್ಕಿಂತ ಹೆಚ್ಚು ಕೈಗೆತ್ತಿಕೊಳ್ಳುವುದಿಲ್ಲ ಎಂದು ಮಿತಿ ಹಾಕಿಕೊಳ್ಳುವುದು.

ಕಲಿಯುವುದು ಎಲ್ಲಿಂದ?

ದುಬಾರಿ ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ಸ್ಕ್ರಮ್ ಗೈಡ್ ಓದಿ. ಶ್ವೇಬರ್ ಮತ್ತು ಸದರ್‌ಲ್ಯಾಂಡ್ 2010ರಲ್ಲಿ ಮೊದಲು ಹೊರತಂದ ಈ ಕೈಪಿಡಿಯ 2020ರ ಆವೃತ್ತಿ ಬರೀ 13 ಪುಟ, ಇಂಟರ್ನೆಟ್‌ನಲ್ಲಿ ಉಚಿತ. ಪ್ರಮಾಣಪತ್ರ ಬೇಕೆನ್ನುವವರಿಗೆ ಮುಖ್ಯವಾಗಿ ಎರಡು ದಾರಿ. ಶ್ವೇಬರ್ ಸ್ಥಾಪಿಸಿದ ಸ್ಕ್ರಮ್ ಡಾಟ್ ಆರ್ಗ್ ನಡೆಸುವ ಪಿಎಸ್‌ಎಂ (ಪ್ರೊಫೆಷನಲ್ ಸ್ಕ್ರಮ್ ಮಾಸ್ಟರ್) ಪರೀಕ್ಷೆಯ ಮೊದಲ ಹಂತಕ್ಕೆ ತರಬೇತಿ ಕಡ್ಡಾಯವಿಲ್ಲ, ಮನೆಯಲ್ಲೇ ಓದಿಕೊಂಡು ಬರೆಯಬಹುದು; 60 ನಿಮಿಷದಲ್ಲಿ 80 ಪ್ರಶ್ನೆ, ಪಾಸಾಗಲು ಶೇ 85 ಬೇಕು. ಸ್ಕ್ರಮ್ ಅಲಯನ್ಸ್‌ನ ಸಿಎಸ್‌ಎಂಗೆ (ಸರ್ಟಿಫೈಡ್ ಸ್ಕ್ರಮ್ ಮಾಸ್ಟರ್) ಅವರ ಮಾನ್ಯತೆ ಪಡೆದ ತರಬೇತುದಾರರ ತರಗತಿಗೆ ಹಾಜರಾಗಲೇಬೇಕು, ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ಖರ್ಚು ನೋಡಿದರೆ ವಿದ್ಯಾರ್ಥಿಗಳಿಗೆ ಮೊದಲನೆಯದೇ ವಾಸಿ. ಇನ್ನೂ ಕೆಲಸಕ್ಕೆ ಸೇರದವರು ಪ್ರಮಾಣಪತ್ರಕ್ಕೆ ಮುಂಚೆ ಒಮ್ಮೆ ಮಾಡಿ ನೋಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಅದಕ್ಕೆ ಕಾಲೇಜಿನ ಕೊನೆಯ ವರ್ಷದ ಪ್ರಾಜೆಕ್ಟೇ ಸಾಕು. ನಾಲ್ವರು ಗೆಳೆಯರಿದ್ದೀರಿ ಎನ್ನಿ. ಒಬ್ಬರು ಪ್ರಾಡಕ್ಟ್ ಓನರ್ ಆಗಿ, ಇನ್ನೊಬ್ಬರು ಸ್ಕ್ರಮ್ ಮಾಸ್ಟರ್ ಆಗಿ, ಇಬ್ಬರೂ ಕೋಡ್ ಕೂಡ ಬರೆಯಲಿ. ಸ್ಪ್ರಿಂಟ್ ಒಂದು ವಾರ ಇರಲಿ. ಜೀರಾ, ಟ್ರೆಲೊ ಥರದ ಬೋರ್ಡ್ ಸಾಫ್ಟ್‌ವೇರ್ ಕಲಿಯುವ ಆತುರ ಬೇಡ. ಹಾಸ್ಟೆಲ್ ಗೋಡೆಗೆ ಚಾರ್ಟ್ ಪೇಪರ್ ಅಂಟಿಸಿ ‘ಮಾಡಬೇಕು, ಮಾಡುತ್ತಿದ್ದೇವೆ, ಆಯಿತು’ ಎಂದು ಮೂರು ಕಂಬಸಾಲು ಎಳೆಯಿರಿ, ಚೀಟಿಗಳನ್ನು ಸರಿಸುತ್ತ ಹೋಗಿ. ದಿನವೂ ಹದಿನೈದು ನಿಮಿಷ ಅದರ ಮುಂದೆ ನಿಂತು ಮಾತಾಡಿ, ಬೇಕಿದ್ದರೆ ಕನ್ನಡದಲ್ಲೇ. ವಾರದ ಕೊನೆಗೆ ಪ್ರಾಜೆಕ್ಟ್ ಗೈಡ್ ಆಗಿರುವ ಮೇಷ್ಟ್ರಿಗೆ ತೋರಿಸಿದರಷ್ಟೇ ಸಾಲದು, ಅದನ್ನು ನಿಜವಾಗಿ ಬಳಸಬಹುದಾದ ಒಬ್ಬರಿಗೆ, ಗ್ರಂಥಾಲಯದ ಆ್ಯಪ್ ಆದರೆ ಗ್ರಂಥಪಾಲಕರಿಗೆ, ಮೆಸ್ ಲೆಕ್ಕದ್ದಾದರೆ ಮೆಸ್ ನಡೆಸುವವರಿಗೆ, ಮೊಬೈಲ್ ಕೈಗೆ ಕೊಟ್ಟು ಸುಮ್ಮನೆ ನಿಂತು ನೋಡಿ. ಅವರು ಎಲ್ಲಿ ತಡವರಿಸಿದರೋ ಅದನ್ನು ಚೀಟಿಯಲ್ಲಿ ಬರೆದು ಮುಂದಿನ ವಾರದ ಪಟ್ಟಿಯ ಮೇಲ್ತುದಿಗೆ ಅಂಟಿಸಿ.